1.3 ಮಲ್ಟಿಜೆಟ್ ಡೀಸೆಲ್ ಎಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಎಂಜಿನ್? ನನ್ನ ಕಾರಿನಲ್ಲಿರುವುದೂ ಇದೇನಾ?

ಇದು ಫಿಯಟ್ ಮನೆಯ ಎಂಜಿನ್. ಆಗ ಎಂಜಿನ್ ತಯಾರಿಕೆಯಲ್ಲಿ ಫಿಯಟ್‌ಗೆ ಜನರಲ್ ಮೋಟಾರ್ಸ್ ಪಾಲುದಾರ ಆಗಿತ್ತು. 2003ರಲ್ಲಿ ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ಕಾರ್ಖಾನೆಯಿಂದ ಹೊರಬಂತು. 2005ರಲ್ಲಿ ಎಂಜಿನ್ ಆಫ್ ದಿ ಇಯರ್ ಪ್ರಶಸ್ತಿಗಳಲ್ಲಿ 1ರಿಂದ 1.4 ಲೀಟರ್ ವಿಭಾಗದ ಬಹುಮಾನ ಪಡೆಯಿತು.

ಎಂಜಿನ್ ಒಂದೇ, ಹೆಸರು ಹಲವು. ಫಿಯಟ್ ಪುಂಟೊ, ಲಿನಿಯಾದಲ್ಲಿ ಮಲ್ಟಿಜೆಟ್. ಒಪೆಲ್ ಕೋರ್ಸಾದಲ್ಲಿ ಸಿಡಿಟಿಐ. ಸುಜುಕಿಯ ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್‌ಗಳಲ್ಲಿ ಡಿಡಿಐಎಸ್. ಟಾಟಾ ಇಂಡಿಕಾ ವಿಸ್ಟಾ, ಜೆಸ್ಟ್‌ಗಳಲ್ಲಿ ಕ್ವಾಡ್ರಾಜೆಟ್. ಷೆವ್ರೊಲೆ ಸೇಲ್‌ನ ಡೀಸೆಲ್ ಕೂಡ ಇದೇ. ಭಾರತದಲ್ಲಿ ಡೀಸೆಲ್ ಸ್ವಿಫ್ಟ್ ಬಂದದ್ದು 2007ರಲ್ಲಿ. 2020ರ ಏಪ್ರಿಲ್‌ನಲ್ಲಿ ಹೊಗೆಯ ಮೇಲಿನ ಬಿಎಸ್6 ನಿಯಮ ಬಂದಾಗ ಮಾರುತಿ ಇದನ್ನು ಕೈಬಿಟ್ಟಿತು. ತಯಾರಿಕೆ ನಿಂತರೂ ರಸ್ತೆಯಲ್ಲಿ ಇವು ಇನ್ನೂ ಬೇಕಾದಷ್ಟು ಓಡುತ್ತಿವೆ. ಹಾಗಾಗಿ ಪ್ರಶ್ನೆಗಳೂ ನಿಂತಿಲ್ಲ.

ಮುಖ್ಯ ವಿವರಗಳೇನು?

ನಾಲ್ಕು ಸಿಲಿಂಡರ್, 1248 ಸಿಸಿ. ಬೋರ್ 69.6 ಮಿ.ಮೀ., ಸ್ಟ್ರೋಕ್ 82 ಮಿ.ಮೀ. ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಎರಡು ಕ್ಯಾಮ್‌ಶಾಫ್ಟ್, 16 ವಾಲ್ವ್. ವಾಲ್ವ್‌ಗಳಿಗೆ ಹೈಡ್ರಾಲಿಕ್ ಟ್ಯಾಪೆಟ್ ಇರುವುದರಿಂದ ಟ್ಯಾಪೆಟ್ ಸೆಟ್ಟಿಂಗ್ ಮಾಡಿಸುವ ಕೆಲಸವೇ ಇಲ್ಲ. ಕಾಮನ್ ರೈಲ್ ಇಂಜೆಕ್ಷನ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್), ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಪಂಪ್), ಬಹುತೇಕ ಕಾರುಗಳಲ್ಲಿ ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಭಾಗ). ಫೈರಿಂಗ್ ಆರ್ಡರ್ 1-3-4-2. ಕಂಪ್ರೆಷನ್ ಅನುಪಾತ ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬೇರೆ. ಮೊದಲ ಫಿಯಟ್‌ಗಳಲ್ಲಿ 18:1, ಸ್ವಿಫ್ಟ್‌ನಲ್ಲಿ 17.6:1.

75 ಮತ್ತು 90 ಹಾರ್ಸ್‌ಪವರ್ ಆವೃತ್ತಿಗಳಿಗೆ ಏನು ವ್ಯತ್ಯಾಸ?

ಮುಖ್ಯ ವ್ಯತ್ಯಾಸ ಟರ್ಬೊದಲ್ಲಿದೆ. 75ರದ್ದು ಸಾದಾ ಟರ್ಬೊ. ಸ್ವಿಫ್ಟ್‌ನಲ್ಲಿ 4000 ಆರ್‌ಪಿಎಂಗೆ 75 ಪಿಎಸ್, 2000 ಆರ್‌ಪಿಎಂಗೆ 190 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ). 90ರದ್ದು ವೇರಿಯಬಲ್ ಜ್ಯಾಮಿತಿಯ ಟರ್ಬೊ. ಅದರೊಳಗಿನ ಸಣ್ಣ ರೆಕ್ಕೆಗಳು ವೇಗಕ್ಕೆ ತಕ್ಕಂತೆ ಓರೆಯಾಗುತ್ತವೆ. ಸಿಯಾಜ್, ಎರ್ಟಿಗಾಗಳಲ್ಲಿ ಅದು 1750 ಆರ್‌ಪಿಎಂನಲ್ಲೇ 200 ನ್ಯೂಟನ್ ಮೀಟರ್ ಕೊಡುತ್ತದೆ.

ಹಳೆಯ ಕಾರು ಇಟ್ಟುಕೊಳ್ಳುವವರಿಗೆ ನನ್ನ ಆಯ್ಕೆ 75ರದ್ದು. ಅದರ ಟರ್ಬೊದಲ್ಲಿ ಕೆಡುವ ಭಾಗಗಳು ಕಡಿಮೆ. ಓಡಿಸಲು ಖುಷಿ ಕೊಡುವುದು 90, ಅದರಲ್ಲಿ ಎರಡು ಮಾತಿಲ್ಲ.

2000 ಆರ್‌ಪಿಎಂ ಕೆಳಗೆ ಪಿಕಪ್ಪೇ ಇಲ್ಲ. ಏನಾದರೂ ಕೆಟ್ಟಿದೆಯಾ?

75ರ ಆವೃತ್ತಿಯಾದರೆ ಬಹುಶಃ ಏನೂ ಕೆಟ್ಟಿಲ್ಲ. ಎಂಜಿನ್ ಚಿಕ್ಕದು. ಟರ್ಬೊ ತಿರುಗಲು ಬೇಕಾದಷ್ಟು ಹೊಗೆಯ ಒತ್ತಡ ಕೆಳಗಿನ ವೇಗದಲ್ಲಿ ಹುಟ್ಟುವುದಿಲ್ಲ. 1800 ದಾಟಿದ ಮೇಲೆ ಒಮ್ಮೆಲೇ ಎಳೆಯುತ್ತದೆ. ಇದು ಅದರ ಸ್ವಭಾವ. ಏರಿನಲ್ಲಿ ಎರಡನೇ ಗೇರ್‌ನಲ್ಲಿ ಗುದ್ದಾಡುವ ಬದಲು ಒಂದನೇ ಗೇರ್‌ಗೆ ಇಳಿಸಿ. ಕ್ಲಚ್ ಅರ್ಧ ಒತ್ತಿಕೊಂಡು ರೇಸ್ ಕೊಡುವ ಅಭ್ಯಾಸ ಬಿಡಿ. ಈ ಕಾರುಗಳಲ್ಲಿ ಕ್ಲಚ್ ಪ್ಲೇಟ್ ಬೇಗ ಸವೆಯಲು ಅದೇ ದೊಡ್ಡ ಕಾರಣ.

ಮೊದಲು ಚೆನ್ನಾಗಿದ್ದು ಈಗ 2000 ದಾಟಿದರೂ ಎಳೆಯುತ್ತಿಲ್ಲ ಅಂದರೆ ಅದು ದೋಷವೇ. ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಕೈಯಿಂದ ತಡವಿ ನೋಡಿ. ಸೀಳು ಸಾಮಾನ್ಯವಾಗಿ ಕೆಳಭಾಗದಲ್ಲಿರುತ್ತದೆ, ಮೇಲಿನಿಂದ ಕಣ್ಣಿಗೆ ಬೀಳುವುದಿಲ್ಲ. ರೇಸ್ ಕೊಟ್ಟಾಗ ಸುಯ್ ಅನ್ನುವ ಸದ್ದು, ಹಿಂದೆ ಕಪ್ಪು ಹೊಗೆ, ಹೋಸ್ ಸುತ್ತ ಎಣ್ಣೆಯ ಪಸೆ, ಈ ಮೂರೂ ಸೇರಿದರೆ ಹೋಸ್ ಹರಿದಿರುವುದು ಬಹುತೇಕ ಖಚಿತ.

ಟೈಮಿಂಗ್ ಬೆಲ್ಟಾ, ಚೈನಾ? ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು?

ಚೈನ್. ಪಿಸ್ಟನ್ ಚಲನೆಗೆ ತಕ್ಕಂತೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವುದು ಇದೇ. ಬೆಲ್ಟ್ ಹಾಗೆ ಇಷ್ಟು ಕಿಲೋಮೀಟರ್‌ಗೆ ಬದಲಿಸಿ ಎಂಬ ನಿಯಮ ಇದಕ್ಕಿಲ್ಲ. "ಚೈನ್ ಅಲ್ವಾ, ಜೀವನಪೂರ್ತಿ ಬರುತ್ತೆ" ಎಂದು ಎಲ್ಲರೂ ಹೇಳುವುದು ಅದಕ್ಕೇ. ಆ ಮಾತು ಅರ್ಧ ಮಾತ್ರ ನಿಜ. ಪೂರ್ತಿ ನಂಬಿದವರು ಎಂಜಿನ್ ಕಳೆದುಕೊಂಡಿದ್ದಾರೆ.

ಇದು ಒಂದೇ ಸಾಲಿನ ಸಣ್ಣ ಚೈನ್. ಅದನ್ನು ಬಿಗಿಯಾಗಿ ಹಿಡಿದಿರುವ ಟೆನ್ಷನರ್ ಕೆಲಸ ಮಾಡುವುದು ಎಂಜಿನ್ ಆಯಿಲ್‌ನ ಒತ್ತಡದಿಂದ. ಆಯಿಲ್ ಕಡಿಮೆಯಾದರೆ ಅಥವಾ ಹಳತಾಗಿ ಮಸಿ ತುಂಬಿದರೆ ಮೂರು ತೊಂದರೆ ಒಟ್ಟಿಗೆ ಶುರುವಾಗುತ್ತವೆ. ಟೆನ್ಷನರ್ ಸಡಿಲವಾಗುತ್ತದೆ. ಚೈನ್‌ನ ಪಿನ್‌ಗಳು ಸವೆದು ಚೈನ್ ಉದ್ದವಾಗುತ್ತದೆ. ಗೈಡ್‌ಗಳು ಉಜ್ಜಿ ತೆಳ್ಳಗಾಗುತ್ತವೆ. ಒಂದು ದಿನ ಚೈನ್ ಹಲ್ಲುಚಕ್ರದ ಮೇಲೆ ಜಾರಿ ಹಲ್ಲು ಹಾರುತ್ತದೆ. ಯುರೋಪಿನಲ್ಲಿ ಕೆಲವು ಆವೃತ್ತಿಗಳಿಗೆ ಆಯಿಲ್ ಬದಲಾವಣೆಯ ಅಂತರ 30,000 ಕಿ.ಮೀ. ಇತ್ತು. ಮೂರು ಲೀಟರ್ ಆಯಿಲ್ ಹಿಡಿಯುವ ಎಂಜಿನ್‌ಗೆ ಇದು ತೀರಾ ಜಾಸ್ತಿ. ಅಷ್ಟು ದೂರದಲ್ಲಿ ಎಂಜಿನ್ ಸ್ವಲ್ಪ ಸ್ವಲ್ಪವೇ ಆಯಿಲ್ ತಿಂದರೂ ಮಟ್ಟ ಅಪಾಯಕ್ಕೆ ಇಳಿಯುತ್ತದೆ. ನಡುವೆ ಡಿಪ್‌ಸ್ಟಿಕ್ ಎಳೆದು ನೋಡುವವರು ಯಾರು? ಅಲ್ಲಿಂದ ಬಂದ ಚೈನ್ ದೂರುಗಳ ಹಿಂದೆ ಈ ಕಥೆ ಮತ್ತೆ ಮತ್ತೆ ಇದೆ.

ಲಕ್ಷಣ ಗುರುತಿಸುವುದು ಕಷ್ಟವಲ್ಲ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಚೈನ್ ಇರುವ ಬದಿಯಿಂದ ಕರಕರ ಸದ್ದು ಬರುತ್ತದೆ. ಒಂದೆರಡು ಸೆಕೆಂಡಿನಲ್ಲಿ ನಿಂತರೆ ಟೆನ್ಷನರ್‌ಗೆ ಆಯಿಲ್ ತಲುಪಲು ತಡವಾಗುತ್ತಿದೆ ಎಂದು ಅರ್ಥ, ಕಣ್ಣಿಟ್ಟಿರಿ. ಎಂಜಿನ್ ಬಿಸಿಯಾದ ಮೇಲೂ ಐಡಲ್‌ನಲ್ಲಿ ಸದ್ದು ಉಳಿದರೆ ತಡ ಮಾಡಬೇಡಿ. ಕ್ಯಾಮ್ ಮತ್ತು ಕ್ರ್ಯಾಂಕ್ ಸೆನ್ಸರ್‌ಗಳ ಸಂಕೇತ ಒಂದಕ್ಕೊಂದು ಹೊಂದುತ್ತಿಲ್ಲ ಎಂಬ ದೋಷ ಸ್ಕ್ಯಾನರ್‌ನಲ್ಲಿ ಬಂದರೂ ಚೈನ್ ಮೇಲೇ ಮೊದಲ ಅನುಮಾನ ಇರಲಿ.

ಚೈನ್ ಹಲ್ಲು ಹಾರಿದರೆ ಏನಾಗುತ್ತದೆ?

ವಾಲ್ವ್‌ಗೆ ಪಿಸ್ಟನ್ ಗುದ್ದುತ್ತದೆ. ಎಷ್ಟೋ ಸಲ ಮೊದಲು ಮುರಿಯುವುದು ವಾಲ್ವ್ ಮೇಲಿನ ಸಣ್ಣ ರಾಕರ್‌ಗಳು. ಅದೃಷ್ಟ ಚೆನ್ನಾಗಿದ್ದರೆ ರಾಕರ್, ಚೈನ್ ಕಿಟ್ ಹಾಕಿ ಮುಗಿಸಬಹುದು. ಇಲ್ಲದಿದ್ದರೆ ಹೆಡ್ ಬಿಚ್ಚಬೇಕು. ಓಡುತ್ತಿದ್ದ ಕಾರು ಟಪ್ ಎಂದು ನಿಂತು, ಆಮೇಲೆ ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ ತಿರುಗಿದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ತಳ್ಳಿ ಸ್ಟಾರ್ಟ್ ಮಾಡಲು ಹೋಗಲೇಬೇಡಿ. ಪ್ರತಿ ಸುತ್ತಿಗೂ ಹಾನಿ ಹೆಚ್ಚುತ್ತದೆ.

ಬದಲಿಸುವಾಗ ಚೈನ್ ಒಂದನ್ನೇ ಹಾಕಿಸಬೇಡಿ. ಟೆನ್ಷನರ್, ಗೈಡ್, ಹಲ್ಲುಚಕ್ರಗಳು ಎಲ್ಲವೂ ಹೊಸದಿರಲಿ. ಕ್ಯಾಮ್‌ಶಾಫ್ಟ್‌ಗಳನ್ನು ಲಾಕ್ ಮಾಡುವ ಟೂಲ್ ಇಲ್ಲದೆ ಅಂದಾಜಿನ ಮೇಲೆ ಗುರುತು ಹಾಕಿ ಮಾಡುತ್ತೇನೆ ಎನ್ನುವವರ ಕೈಗೆ ಈ ಕೆಲಸ ಕೊಡಬೇಡಿ.

ಯಾವ ಆಯಿಲ್? ಎಷ್ಟು? ಎಷ್ಟು ದಿನಕ್ಕೆ?

ಫಿಲ್ಟರ್ ಸೇರಿ ಸುಮಾರು 3 ಲೀಟರ್. ಆವೃತ್ತಿಯ ಪ್ರಕಾರ 5ಡಬ್ಲ್ಯೂ-30 ಅಥವಾ 5ಡಬ್ಲ್ಯೂ-40 ಸಿಂಥೆಟಿಕ್, ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿರುವುದು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇಲ್ಲದ ಕಾರಿಗೆ ಸಾಮಾನ್ಯವಾಗಿ ಯುರೋಪಿನ ಎಸಿಇಎ ಮಾನದಂಡದ ಎ3/ಬಿ4 ದರ್ಜೆ ಹೊಂದುತ್ತದೆ. ಡಿಪಿಎಫ್ ಇದ್ದರೆ ಬೂದಿ ಕಡಿಮೆ ಬಿಡುವ ಸಿ ದರ್ಜೆಯ ಆಯಿಲ್ಲೇ ಬೇಕು. ಗಟ್ಟಿ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಹಳೇ ಡೀಸೆಲ್‌ಗಳ ಕಾಲದ್ದು. ಇಲ್ಲಿ ಅದು ತೊಂದರೆ ಕೊಡುತ್ತದೆ. ತಣ್ಣಗಿರುವಾಗ ಗಟ್ಟಿ ಆಯಿಲ್ ಟೆನ್ಷನರ್‌ಗೂ ಟರ್ಬೊಗೂ ನಿಧಾನವಾಗಿ ತಲುಪುತ್ತದೆ.

ಭಾರತದಲ್ಲಿ ಸ್ವಿಫ್ಟ್‌ಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್‌ಗೆ 7,500ಕ್ಕೇ ಬದಲಿಸಿ ಎನ್ನುವುದು ನನ್ನ ಸಲಹೆ. ಇದರಲ್ಲಿರುವುದು ಮೂರೇ ಲೀಟರ್. ಆ ಮೂರು ಲೀಟರ್ ಚೈನ್ ಟೆನ್ಷನರ್, ಟ್ಯಾಪೆಟ್, ಟರ್ಬೊ, ಬೇರಿಂಗ್ ಎಲ್ಲವನ್ನೂ ನೋಡಿಕೊಳ್ಳಬೇಕು. ಅರ್ಧ ಲೀಟರ್ ಕಡಿಮೆಯಾದರೂ ಆರನೇ ಒಂದು ಭಾಗ ಹೋಯಿತು. ಹಾಗಾಗಿ 1,000 ಕಿಲೋಮೀಟರ್‌ಗೆ ಒಮ್ಮೆ ಡಿಪ್‌ಸ್ಟಿಕ್ ನೋಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಬೇಕು. ಡ್ಯಾಶ್‌ಬೋರ್ಡ್‌ನ ಕೆಂಪು ದೀಪ ತೋರಿಸುವುದು ಆಯಿಲ್ ಒತ್ತಡವನ್ನು, ಮಟ್ಟವನ್ನಲ್ಲ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಬೇರಿಂಗ್‌ಗಳು ಆಗಲೇ ಬರಿದಾಗಿರುತ್ತವೆ.

ಆಯಿಲ್ ಬದಲಿಸಿದ ಮರುದಿನವೇ ಕಪ್ಪಗಾಗಿದೆ. ಮೋಸ ಆಯ್ತಾ?

ಇಲ್ಲ. ಡೀಸೆಲ್ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಆಯಿಲ್‌ನ ಕೆಲಸ.

ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದೆ. ಹೇಗೆ?

ಡಿಪಿಎಫ್ ಇರುವ ಆವೃತ್ತಿಗಳಲ್ಲಿ ಇದು ಪರಿಚಿತ ತೊಂದರೆ. ಫಿಲ್ಟರ್‌ನಲ್ಲಿ ತುಂಬಿದ ಮಸಿಯನ್ನು ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಆ ಕೆಲಸ ಮುಗಿಯುವ ಮೊದಲೇ ನೀವು ಕಾರು ನಿಲ್ಲಿಸಿದರೆ, ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಮೂಲಕ ಇಳಿದು ಆಯಿಲ್‌ಗೆ ಸೇರುತ್ತದೆ. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಇದು ಜಾಸ್ತಿ. ಮಟ್ಟ ಮ್ಯಾಕ್ಸ್ ಗುರುತು ದಾಟಿದ್ದರೆ ಆಯಿಲ್ ಬದಲಿಸಿ, ಆಮೇಲೆ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ.

ಡಿಪಿಎಫ್ ಇಲ್ಲದ ಕಾರಿನಲ್ಲೂ ಮಟ್ಟ ಏರಿದರೆ ಇಂಜೆಕ್ಟರ್ ಸೋರುತ್ತಿರಬಹುದು ಅಥವಾ ಆಯಿಲ್ ಕೂಲರ್‌ನ ಸೀಲ್ ಹೋಗಿ ಕೂಲೆಂಟ್ ಬೆರೆಯುತ್ತಿರಬಹುದು. ಕೂಲೆಂಟ್ ಬೆರೆತರೆ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿ ನೊರೆನೊರೆಯಾಗುತ್ತದೆ. ಆಗ ಕಾರು ಓಡಿಸಬೇಡಿ.

ಹೊಗೆಯ ಬಣ್ಣದಿಂದ ಏನು ತಿಳಿಯಬಹುದು?

ಕಪ್ಪು ಹೊಗೆ ಅಂದರೆ ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ. ಏರ್ ಫಿಲ್ಟರ್, ಹರಿದ ಹೋಸ್, ತೆರೆದುಕೊಂಡೇ ಸಿಕ್ಕಿಬಿದ್ದ ಇಜಿಆರ್ ವಾಲ್ವ್ (ಸುಟ್ಟ ಹೊಗೆಯನ್ನು ಮತ್ತೆ ಒಳಗೆ ಕಳಿಸುವ ವಾಲ್ವ್), ಕೆಟ್ಟ ಇಂಜೆಕ್ಟರ್, ಈ ಕ್ರಮದಲ್ಲೇ ಹುಡುಕಿ. ಖರ್ಚು ಕಡಿಮೆಯದ್ದು ಮೊದಲು.

ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್, ತುಂಬಾ ಓಡಿದ ಎಂಜಿನ್ ಆದರೆ ಪಿಸ್ಟನ್ ರಿಂಗ್.

ಬೆಳಗ್ಗೆ ಬಿಳಿ ಹೊಗೆ ಬಂದು ಕಣ್ಣು ಉರಿಯುವ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಗ್ಲೋ ಪ್ಲಗ್ (ತಣ್ಣಗಿರುವಾಗ ಸಿಲಿಂಡರ್ ಒಳಗನ್ನು ಬಿಸಿ ಮಾಡುವ ಹೀಟರ್) ಅಥವಾ ಇಂಜೆಕ್ಟರ್ ನೋಡಿಸಿ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇರಲಿ.

ಇಜಿಆರ್ ವಾಲ್ವ್ ಕ್ಲೀನ್ ಮಾಡಿಸಬೇಕಾ? ಮುಚ್ಚಿಸಿಬಿಡಿ ಅಂತಾರಲ್ಲ?

ಕ್ಲೀನ್ ಮಾಡಿಸಿ, ಮುಚ್ಚಿಸಬೇಡಿ. ಸುಟ್ಟ ಹೊಗೆಯ ಒಂದು ಭಾಗವನ್ನು ಮತ್ತೆ ಒಳಗೆ ಕಳಿಸಿ, ಉರಿಯುವ ಬಿಸಿ ತಗ್ಗಿಸಿ, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವುದು ಇದರ ಕೆಲಸ. ಆ ಹೊಗೆಯ ಮಸಿಯೂ ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿಯೂ ಸೇರಿ ಡಾಂಬರಿನಂಥ ಪದರ ಕಟ್ಟುತ್ತದೆ. ವಾಲ್ವ್ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ನಿಧಾನ ಟ್ರಾಫಿಕ್‌ನಲ್ಲಿ ಜರ್ಕ್, ಐಡಲ್‌ನಲ್ಲಿ ನಡುಕ, ಕಪ್ಪು ಹೊಗೆ, ಕೆಲವೊಮ್ಮೆ ಚೆಕ್ ಎಂಜಿನ್ ದೀಪ, ಇವು ಅದರ ಗುರುತು. ಬಿಚ್ಚಿ ಕಾರ್ಬನ್ ತೆಗೆಯುವ ದ್ರಾವಣ ಹಾಕಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಲು ಮರೆಯಬೇಡಿ.

ಮುಚ್ಚಿಸಿದರೆ ಹೊಗೆಯ ನಿಯಮ ಮುರಿದಂತೆ, ಊರಿನ ಗಾಳಿಯೂ ಕೆಡುತ್ತದೆ.

ಬೆಳಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ಯಾಕೆ?

ಮೊದಲು ಬ್ಯಾಟರಿ ನೋಡಿ. ಹಾಗೇ ಬ್ಯಾಟರಿಯಿಂದ ಎಂಜಿನ್‌ಗೆ ಹೋಗುವ ಅರ್ಥ್ ಕೇಬಲ್ ತುಕ್ಕು ಹಿಡಿದಿದೆಯಾ ನೋಡಿ. ಎಂಜಿನ್ ನಿಧಾನವಾಗಿ ತಿರುಗಿದರೆ ಕಾಮನ್ ರೈಲ್‌ನಲ್ಲಿ ಒತ್ತಡ ಏರುವುದೇ ಇಲ್ಲ. ಸ್ಟಾರ್ಟ್ ಆಗಲು ರೈಲ್‌ನಲ್ಲಿ ಸುಮಾರು 200 ಬಾರ್ ಒತ್ತಡ ಬೇಕು. ಅದು ಏರುವವರೆಗೆ ಕಂಪ್ಯೂಟರ್ ಇಂಜೆಕ್ಟರ್ ತೆರೆಯುವುದಿಲ್ಲ.

ಎಂಜಿನ್ ಚೆನ್ನಾಗಿ ತಿರುಗುತ್ತಿದ್ದೂ ಸ್ಟಾರ್ಟ್ ಆಗದಿದ್ದರೆ ಆ ಒತ್ತಡ ಎಲ್ಲೋ ಸೋರುತ್ತಿದೆ. ಸಾಮಾನ್ಯ ಅಪರಾಧಿ ಸವೆದ ಇಂಜೆಕ್ಟರ್. ಅದು ಬಂದ ಡೀಸೆಲ್ಲನ್ನು ರಿಟರ್ನ್ ಪೈಪಿಗೆ ವಾಪಸ್ ಬಿಡುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್‌ಗೆ ನಾಲ್ಕು ಬಾಟಲಿ ಕಟ್ಟಿ ಎಂಜಿನ್ ಓಡಿಸಿದರೆ, ಕೆಟ್ಟದ್ದರ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೆ. ಈ ಪರೀಕ್ಷೆ ಮಾಡದೆ ನಾಲ್ಕನ್ನೂ ಬದಲಿಸಿ ಎನ್ನುವವರಿಗೆ ಒಪ್ಪಬೇಡಿ. ಇಂಜೆಕ್ಟರ್ ಬದಲಿಸಿದರೆ ಹಲವು ಆವೃತ್ತಿಗಳಲ್ಲಿ ಅದರ ಮೇಲಿನ ಕೋಡನ್ನು ಕಂಪ್ಯೂಟರ್‌ಗೆ ಹಾಕಬೇಕು, ಇಲ್ಲದಿದ್ದರೆ ಐಡಲ್ ಒರಟಾಗುತ್ತದೆ.

ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ರೈಲ್‌ನ ಸ್ಟೀಲ್ ಪೈಪುಗಳ ನಟ್ ಸಡಿಲಿಸಬೇಡಿ. ಹಳೇ ಡೀಸೆಲ್‌ಗಳಲ್ಲಿ ಹಾಗೆ ಗಾಳಿ ತೆಗೆಯುತ್ತಿದ್ದರು. ಇಲ್ಲಿ ಒತ್ತಡ 1000 ಬಾರ್ ಮೀರುತ್ತದೆ. ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎಂಜಿನ್ ಮೇಲಿನಿಂದ ಚುಸ್ ಚುಸ್ ಸದ್ದು, ಕ್ಯಾಬಿನ್‌ನಲ್ಲಿ ಹೊಗೆ ವಾಸನೆ?

ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಹೋಗಿದೆ. ಇಂಜೆಕ್ಟರ್ ಸುತ್ತ ಕಪ್ಪು ಅಂಟು ಕಟ್ಟಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಬೇಗ ಮಾಡಿಸಿದರೆ ವಾಷರ್‌ನಲ್ಲೇ ಮುಗಿಯುತ್ತದೆ. ಬಿಟ್ಟರೆ ಇಂಜೆಕ್ಟರ್ ಹೆಡ್‌ನಲ್ಲಿ ಕಚ್ಚಿಕೊಂಡು ಹೊರಗೆ ಬರುವುದೇ ಇಲ್ಲ.

ಡೀಸೆಲ್ ಫಿಲ್ಟರ್ ಅಷ್ಟು ಮುಖ್ಯನಾ?

ಹೌದು. ಹೈ ಪ್ರೆಷರ್ ಪಂಪ್‌ಗೆ ಡೀಸೆಲ್ಲೇ ಲೂಬ್ರಿಕೇಷನ್. ಡೀಸೆಲ್‌ನಲ್ಲಿ ನೀರು ಸೇರಿದರೆ ಪಂಪ್ ಒಳಗೆ ತುಕ್ಕು, ಸವೆತ. ಆ ಲೋಹದ ಪುಡಿ ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಫಿಲ್ಟರ್ ಕೈಪಿಡಿಯ ಪ್ರಕಾರ ಬದಲಿಸಿ, ನೀರಿನ ದೀಪ ಬಂದರೆ ಅದೇ ದಿನ ನೀರು ತೆಗೆಸಿ.

ತಪ್ಪಿ ಪೆಟ್ರೋಲ್ ತುಂಬಿಸಿದರೆ ಕೀ ತಿರುಗಿಸಲೇಬೇಡಿ. ಟ್ಯಾಂಕ್ ಖಾಲಿ ಮಾಡಿಸಿದ ಮೇಲೆಯೇ ಸ್ಟಾರ್ಟ್.

ಟರ್ಬೊ ಯಾಕೆ ಹೋಗುತ್ತದೆ?

ಹೆಚ್ಚಿನವು ತಾವಾಗಿ ಹೋಗುವುದಿಲ್ಲ, ಆಯಿಲ್ ಸಿಗದೆ ಹೋಗುತ್ತವೆ. ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪಿನಲ್ಲಿ ಕಾರ್ಬನ್ ಕಟ್ಟಿದರೆ ಬೇರಿಂಗ್ ಒಣಗುತ್ತದೆ. ಹೊಸ ಟರ್ಬೊ ಹಾಕಿಸುವಾಗ ಆ ಪೈಪನ್ನೂ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿಸಿ. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಹೈವೇಯಲ್ಲಿ ಜೋರಾಗಿ ಓಡಿಸಿ ಬಂದ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ.

ಹೋಸ್‌ನಲ್ಲಿ ಸ್ವಲ್ಪ ಆಯಿಲ್ ಪಸೆ ಕಂಡರೆ ಗಾಬರಿ ಬೇಡ, ಅದು ಕ್ರ್ಯಾಂಕ್‌ಕೇಸ್ ಆವಿಯದು. ಹೋಸ್ ಬಿಚ್ಚಿದಾಗ ಆಯಿಲ್ ಸುರಿದರೆ ಮಾತ್ರ ಟರ್ಬೊ ನೋಡಿಸಿ. ಸೀಲ್ ಪೂರ್ತಿ ಹೋದರೆ ಎಂಜಿನ್ ಆ ಆಯಿಲ್ಲನ್ನೇ ಕುಡಿದು ಕೀ ತೆಗೆದರೂ ನಿಲ್ಲದೆ ರೇಸ್ ಆಗಬಹುದು. ಆಗ ಮೇಲಿನ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಿ. ಬಾನೆಟ್ ತೆರೆದು ಕೈ ಹಾಕಬೇಡಿ.

ಹೀಟ್ ಆಗುತ್ತಿದೆ. ಎಲ್ಲಿಂದ ಶುರು ಮಾಡಲಿ?

ಹೊರಗಿನ ಬೆಲ್ಟ್‌ನಿಂದ. ಆಲ್ಟರ್ನೇಟರ್ ತಿರುಗಿಸುವ ಬೆಲ್ಟೇ ಇದರಲ್ಲಿ ವಾಟರ್ ಪಂಪನ್ನೂ ತಿರುಗಿಸುತ್ತದೆ. ಓಡುತ್ತಿರುವಾಗ ಬ್ಯಾಟರಿ ದೀಪ ಹೊತ್ತಿ, ಸ್ವಲ್ಪ ಹೊತ್ತಿಗೆ ಹೀಟ್ ಮುಳ್ಳು ಏರಿದರೆ ಬೆಲ್ಟ್ ತುಂಡಾಗಿದೆ. ಚಾರ್ಜಿಂಗ್ ತಾನೇ, ಮನೆಗೆ ಹೋಗಿ ನೋಡೋಣ ಎಂದು ಮುಂದೆ ಓಡಿಸಿದರೆ ಹೆಡ್ ಡೊಂಕಾಗುತ್ತದೆ. ಬೆಲ್ಟ್ ಸರಿಯಿದ್ದರೆ ಕೂಲೆಂಟ್ ಮಟ್ಟ, ಫ್ಯಾನ್, ಥರ್ಮೋಸ್ಟಾಟ್ ಹೌಸಿಂಗ್‌ನ ಸೋರಿಕೆ ನೋಡಿ. ಮುಳ್ಳು ಯಾವಾಗಲೂ ಕೆಳಗೇ ಇದ್ದರೂ ಅದು ದೋಷವೇ. ಥರ್ಮೋಸ್ಟಾಟ್ ತೆರೆದುಕೊಂಡೇ ಉಳಿದಿದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನು ನೋಡಬೇಕು?

ಕಾರು ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆಯಿರಿ. ಮಟ್ಟ ಮಿನ್ ಕೆಳಗಿದ್ದರೆ ಆ ಕಾರನ್ನು ಹೇಗೆ ಸಾಕಿದ್ದಾರೆ ಎಂದು ಅಲ್ಲೇ ತಿಳಿಯಿತು. ಆಮೇಲೆ ಚೈನ್ ಸದ್ದಿಗೆ ಕಿವಿ ಕೊಡಿ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಫಿಲ್ಲರ್ ಮುಚ್ಚಳ ನಿಧಾನವಾಗಿ ಬಿಚ್ಚಿ. ಸ್ವಲ್ಪ ಆವಿ ಸಹಜ. ಮುಚ್ಚಳ ಕುಣಿಯುವಷ್ಟು ಗಾಳಿ ಒತ್ತಿದರೆ ರಿಂಗ್ ಸವೆದಿವೆ. ಕೊನೆಗೆ ಮೂರನೇ ಗೇರ್‌ನಲ್ಲಿ 1500ರಿಂದ ಪೂರ್ತಿ ಒತ್ತಿ ನೋಡಿ, ಯಾರಾದರೂ ಹಿಂದಿನ ಗಾಜಿನಿಂದ ಹೊಗೆ ಗಮನಿಸಲಿ.

ಓಡಿದ ಕಿಲೋಮೀಟರ್‌ಗಿಂತ ಆಯಿಲ್ ಬದಲಿಸಿದ ದಾಖಲೆ ಮುಖ್ಯ. ಬಿಲ್‌ಗಳಿರುವ 1.8 ಲಕ್ಷದ ಕಾರು, ಏನೂ ದಾಖಲೆ ಇಲ್ಲದ 80,000ದ ಕಾರಿಗಿಂತ ಮೇಲು.

ಚಿಪ್ ಹಾಕಿ ಪವರ್ ಹೆಚ್ಚಿಸಬಹುದಾ?

ಹೊಸ ಎಂಜಿನ್ ಆದರೆ ಯೋಚಿಸಬಹುದಿತ್ತು. ಇಷ್ಟು ಓಡಿದ ಚೈನ್, ಕ್ಲಚ್, ಟರ್ಬೊ ಇಟ್ಟುಕೊಂಡು ಬೇಡ. ಆ ದುಡ್ಡಿಗೆ ನಾಲ್ಕು ಗ್ಲೋ ಪ್ಲಗ್, ಹೋಸ್‌ಗಳು, ಬೆಲ್ಟ್ ಹೊಸದು ಹಾಕಿಸಿ. ಕಳೆದುಹೋಗಿದ್ದ ಪಿಕಪ್ ಎಷ್ಟೋ ಸಲ ಅದರಲ್ಲೇ ವಾಪಸ್ ಬರುತ್ತದೆ.

ತಿಂಗಳುಗಟ್ಟಲೆ ನಿಲ್ಲಿಸಿದ್ದ ಕಾರನ್ನು ಹೇಗೆ ಸ್ಟಾರ್ಟ್ ಮಾಡುವುದು?

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಏರ್ ಫಿಲ್ಟರ್ ಡಬ್ಬಿ ತೆರೆದು ಇಲಿ ಗೂಡು ಕಟ್ಟಿದೆಯಾ ನೋಡಿ, ವೈರ್ ಕಡಿದಿದೆಯಾ ನೋಡಿ. ಡೀಸೆಲ್ ಫಿಲ್ಟರ್‌ನಿಂದ ನೀರು ತೆಗೆಯಿರಿ. ಆಯಿಲ್ ಒಂದು ವರ್ಷ ದಾಟಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಬದಲಿಸಿ. ಸ್ಟಾರ್ಟ್ ಆದ ಕೂಡಲೇ ರೇಸ್ ಕೊಡಬೇಡಿ. ಆಯಿಲ್ ದೀಪ ಆರಿದ ಮೇಲೂ ಒಂದು ನಿಮಿಷ ಐಡಲ್‌ನಲ್ಲೇ ಬಿಡಿ, ಟರ್ಬೊ ತನಕ ಆಯಿಲ್ ಹೋಗಲಿ.